ಹಿಮಗಿರಿಯಾಚೆಯಿಂದ ಬಂದ ನೆಂಟರು



ಚಾಮರಾಜನಗರದಲ್ಲಿ ಚಳಿಗಾಲ ಎಂದಿನಿಂದ ಆರಂಭವಾಗುತ್ತದೆ ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುವಿರಿ? ಕ್ಯಾಲೆಂಡರ್ ಒಂದು ತಿಂಗಳನ್ನು ತೋರಿಸೀತು. ಪೆಟ್ಟಿಗೆಯ ತಳದಿಂದ ಕಂಬಳಿಯನ್ನು ಹೊರತೆಗೆದು ಬಿಸಿಲಿಗೆ ಹರಡುವ ಮನೆಯ ಹಿರಿಯರು ಬೇರೊಂದು ದಿನವನ್ನು ಹೇಳಿಯಾರು. ನನ್ನ ಮಟ್ಟಿಗೆ ಅದು ಸೆಪ್ಟೆಂಬರ್ ತಿಂಗಳಲ್ಲಿಯೇ, ಮಳೆ ಇನ್ನೂ ಮುಗಿಯದಿರುವಾಗಲೇ, ಒಂದು ಪುಟ್ಟ ಹಕ್ಕಿಯ ದನಿಯೊಂದಿಗೆ ಬಂದುಬಿಡುತ್ತದೆ. ಆ ಹಕ್ಕಿಯ ಹೆಸರು ಬೂದು ಸಿಪಿಲೆ. ಬೆನ್ನು ಬೂದು, ಹೊಟ್ಟೆಯ ಕೆಳಭಾಗ ಹಳದಿ, ದೇಹಕ್ಕಿಂತ ಬಾಲವೇ ಉದ್ದವೇನೋ ಎನಿಸುವ ತೆಳ್ಳನೆಯ ಆಕಾರ. ನೆಲದ ಮೇಲೆ ಚುರುಕಾಗಿ ಓಡುತ್ತಾ, ನಿಂತಾಗಲೆಲ್ಲ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಾ ಇರುತ್ತದೆ. ಶಾಲೆಯ ಅಂಗಳ, ಚರ್ಚಿನ ಆವರಣ, ಮನೆಯ ತಾರಸಿ, ಚರಂಡಿಯ ಅಂಚು, ಯಾವುದೂ ಅದಕ್ಕೆ ಕೀಳಲ್ಲ. ನೀವು ಅದನ್ನು ಎಷ್ಟೋ ಸಲ ನೋಡಿದ್ದೀರಿ; ನೆಂಟನೆಂದು ಗುರುತಿಸಿಲ್ಲ, ಅಷ್ಟೆ.

ಈ ಹಕ್ಕಿಯ ತೂಕ ಸುಮಾರು 20 ಗ್ರಾಂ. ಅಂದರೆ ನಾವು ಕಾಫಿಗೆ ಹಾಕುವ ನಾಲ್ಕು ಚಮಚ ಸಕ್ಕರೆಯಷ್ಟು. ಬೇಸಿಗೆಯಲ್ಲಿ ಅದು ಹಿಮಾಲಯದ ತೊರೆಗಳ ಬದಿಯಲ್ಲಿ, ಇನ್ನೂ ಉತ್ತರಕ್ಕೆ ಸೈಬೀರಿಯಾದವರೆಗೂ ಹರಡಿದ ಗುಡ್ಡಗಾಡಿನ ನೀರಿನ ಅಂಚಿನಲ್ಲಿ ಮರಿ ಮಾಡುತ್ತದೆ. ಅಲ್ಲಿ ಹಿಮ ಬೀಳತೊಡಗಿ ಹುಳುಹುಪ್ಪಟೆಗಳು ಮರೆಯಾಗುವ ಮೊದಲೇ ಹೊರಟು, ಸಾವಿರಾರು ಕಿಲೋಮೀಟರು ಕ್ರಮಿಸಿ ನಮ್ಮ ಅಂಗಳಕ್ಕೆ ಬಂದಿಳಿಯುತ್ತದೆ. ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಗಳಿಂದ ತಿಳಿದುಬಂದಿರುವ ಸಂಗತಿಯೆಂದರೆ, ಇಂತಹ ಅನೇಕ ವಲಸೆ ಹಕ್ಕಿಗಳು ವರ್ಷ ವರ್ಷವೂ ತಮ್ಮ ಹಳೆಯ ಚಳಿಗಾಲದ ನೆಲೆಗೇ ಮರಳುತ್ತವೆ. ನಿಮ್ಮ ತಾರಸಿಯ ಮೇಲೆ ಈ ವರ್ಷ ಓಡಾಡುವ ಸಿಪಿಲೆ ಕಳೆದ ವರ್ಷ ಅಲ್ಲಿಯೇ ಓಡಾಡಿದ್ದೇ ಆಗಿರಬಹುದು. ನಮಗೆ ಅದರ ವಿಳಾಸ ಗೊತ್ತಿಲ್ಲ. ಅದಕ್ಕೆ ನಮ್ಮ ವಿಳಾಸ ಗೊತ್ತು.

ನಮ್ಮ ಸೀಮೆಗೇ ಇವು ಏಕೆ ಬರಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಹುಟ್ಟಬಹುದು. ಚಾಮರಾಜನಗರ, ಗುಂಡ್ಲುಪೇಟೆಗಳು ಪಶ್ಚಿಮ ಘಟ್ಟದ ಮಳೆಯ ನೆರಳಿನಲ್ಲಿರುವ ಊರುಗಳು. ಮುಂಗಾರಿನ ಮೋಡಗಳು ತಮ್ಮ ಭಾರವನ್ನೆಲ್ಲ ವಯನಾಡಿನ ಬೆಟ್ಟಗಳಲ್ಲಿ ಇಳಿಸಿ, ನಮ್ಮಲ್ಲಿಗೆ ಹಗುರಾಗಿ ಬರುತ್ತವೆ. ಆದರೆ ತಮಿಳುನಾಡಿನ ಗಡಿಗೆ ಹೊಂದಿಕೊಂಡಿರುವ ಕಾರಣ ಹಿಂಗಾರಿನ ಪಾಲು ನಮಗೆ ಚೆನ್ನಾಗಿ ದೊರೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಗೆ ಕೆರೆಕಟ್ಟೆಗಳಲ್ಲಿ ನೀರು ನಿಲ್ಲುತ್ತದೆ, ಹುರುಳಿ ಚಿಗುರುತ್ತದೆ, ಹೊಲದಲ್ಲಿ ಮಿಡತೆಗಳು ಹೆಚ್ಚುತ್ತವೆ. ಉತ್ತರದಲ್ಲಿ ಅನ್ನದ ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಇಲ್ಲಿ ಬಾಗಿಲು ತೆರೆಯುತ್ತದೆ. ಹಕ್ಕಿಗಳು ಈ ಲೆಕ್ಕವನ್ನು ನಮ್ಮ ಊರುಗಳು ಹುಟ್ಟುವುದಕ್ಕೂ ಮೊದಲಿನಿಂದ ಬಲ್ಲವು.

ಸಿಪಿಲೆಯ ಬೆನ್ನಿಗೇ ಉಳಿದವು ಬರುತ್ತವೆ. ಅಕ್ಟೋಬರ್ ತಿಂಗಳಲ್ಲಿ ಸಂಜೆ ಬಸ್ ನಿಲ್ದಾಣದ ಕಡೆಗೆ ಹೋಗುವಾಗ ವಿದ್ಯುತ್ ತಂತಿಗಳನ್ನೊಮ್ಮೆ ತಲೆಯೆತ್ತಿ ನೋಡಿರಿ. ಸಾಲಾಗಿ ಕುಳಿತಿರುವ, ಕವಲೊಡೆದ ಬಾಲದ, ಕೆಂಗತ್ತಿನ ಹಕ್ಕಿಗಳೇ ಅಂಬರಗುಬ್ಬಿಗಳು. ಊರಾಚೆಯ ಬೇಲಿಯ ತುದಿಯಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಂತೆ ಕುಳಿತು ಗಟ್ಟಿಯಾಗಿ ಗದರುವುದು ಕಂದು ಕಳಿಂಗ. ಹುಣಸೆಮರದ ಎಲೆಗಳ ನಡುವೆ ಎಲೆಗಿಂತ ಸ್ವಲ್ಪವೇ ದೊಡ್ಡದಾದ ಉಲಿಯಕ್ಕಿಗಳು ಹುಳುಗಳನ್ನು ಹೆಕ್ಕುತ್ತಿರುತ್ತವೆ. ಅವು ಕಣ್ಣಿಗಿಂತ ಕಿವಿಗೇ ಮೊದಲು ಸಿಕ್ಕುತ್ತವೆ. ಕೆರೆಯ ಕೆಸರಿನ ಅಂಚಿನಲ್ಲಿ ಗೊರವಗಳು ಬಾಗಿ ಬಾಗಿ ನಡೆಯುತ್ತವೆ. ದೇವಾಲಯಗಳಲ್ಲಿ ಆಗಮನ ಕಾಲದ ಮೊದಲ ಮೇಣದಬತ್ತಿ ಹೊತ್ತುವ ವೇಳೆಗೆ ಕೆರೆಗಳಲ್ಲಿ ಬಾತುಗಳು ಇಳಿದಿರುತ್ತವೆ.

ಇವುಗಳ ಪೈಕಿ ಒಂದನ್ನು ಕುರಿತು ನಾನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಎಂದಾದರೂ ನಿಮ್ಮ ಮನೆಯೊಳಗೇ ಬಂದು ಬೀಳಬಹುದು. ಅದರ ಹೆಸರು ನವರಂಗ. ಹಸಿರು, ನೀಲಿ, ಕೆಂಪು, ಕಪ್ಪು, ಬಿಳಿ ಎಂದು ಬಣ್ಣಗಳನ್ನು ಎಣಿಸುತ್ತಾ ಹೋಗಬಹುದಾದ, ಮೋಟು ಬಾಲದ ಹಕ್ಕಿ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು ಹಾಗೂ ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಬರುತ್ತದೆ. ಪ್ರಯಾಣವೆಲ್ಲ ರಾತ್ರಿಯ ಹೊತ್ತಿನಲ್ಲಿ. ದಣಿದು, ಊರಿನ ದೀಪಗಳಿಗೆ ದಿಕ್ಕುಗೆಟ್ಟು, ಗೋಡೆಗೋ ಕಿಟಕಿಯ ಗಾಜಿಗೋ ಬಡಿದು ಬೀಳುವುದುಂಟು. ಹಾಗೆ ಬಿದ್ದ ಹಕ್ಕಿ ನಿಮ್ಮ ಮಕ್ಕಳಿಗೆ ಸಿಕ್ಕಿದರೆ ದಯವಿಟ್ಟು ಪಂಜರವನ್ನು ಹುಡುಕಬೇಡಿರಿ, ಬಾಯಿಗೆ ನೀರು ಹನಿಸಬೇಡಿರಿ. ಗಾಳಿಯಾಡಲು ತೂತು ಮಾಡಿದ ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯ ನಿಶ್ಶಬ್ದದ ಮೂಲೆಯಲ್ಲಿ ಕೆಲವು ಗಂಟೆ ಬಿಡಿರಿ. ಚೇತರಿಸಿಕೊಂಡ ಮೇಲೆ ನಾಯಿ ಬೆಕ್ಕುಗಳಿಲ್ಲದ ಗಿಡಗಂಟಿಯ ಜಾಗದಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದರೆ ಸಾಕು. ಗಾಯವಾಗಿದ್ದರೆ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸುವುದು ಉತ್ತಮ. ಪೆಟ್ಟಿಗೆಯ ಬಳಿ ಪಿಸುಮಾತಿನಲ್ಲಿ ಕಾಯುವ ಮಗು ಆ ದಿನ ಕಲಿಯುವುದು ಬಹಳ ದಿನ ಉಳಿಯುತ್ತದೆ.

ಈಗ ನನ್ನೊಡನೆ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಯ ಕಡೆಗೆ ಬನ್ನಿರಿ. ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡುಹೂಗಳಿಂದ ಹಳದಿಯಾಗಿ, ದಾರಿಹೋಕರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಹೊಲಗಳು ಡಿಸೆಂಬರ್ ವೇಳೆಗೆ ಬಣ್ಣ ಕಳೆದುಕೊಂಡಿರುತ್ತವೆ. ದೂರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದುಕೊಂಡಿರುತ್ತದೆ. ನೋಡುವುದಕ್ಕೇನೂ ಇಲ್ಲವೆಂದು ಬಸ್ಸಿನೊಳಗಿನವರು ಕಣ್ಣು ಮುಚ್ಚುವ ಈ ಹೊತ್ತೇ ಸೆಳೆವಗಳ ಹೊತ್ತು. ಸೆಳೆವವೆಂದರೆ ಹದ್ದಿನ ಜಾತಿಗೆ ಸೇರಿದ, ಉದ್ದ ರೆಕ್ಕೆಯ ಬೇಟೆಹಕ್ಕಿ. ಹದ್ದಿನಂತೆ ಎತ್ತರದಲ್ಲಿ ಸುತ್ತುವುದಿಲ್ಲ. ಹುರುಳಿಯ ಹೊಲದ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ಅಗಲವಾಗಿ ಮೇಲೆತ್ತಿ, ತೇಲಿದಂತೆ ಸಾಗುತ್ತದೆ. ಹಠಾತ್ತನೆ ತಿರುಗಿ ನೆಲಕ್ಕೆ ಎರಗುತ್ತದೆ. ಕಾಲಲ್ಲೊಂದು ಮಿಡತೆಯೋ ಇಲಿಯೋ ಹಲ್ಲಿಯೋ ಇರುತ್ತದೆ. ಇವು ಕಜಕಿಸ್ತಾನ ಮೊದಲಾದ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುವ ಹಕ್ಕಿಗಳು. ಸಂಜೆಯಾದರೆ ಮರವನ್ನು ಹುಡುಕುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ‘ಬೀಳು ಜಮೀನು’ ಎಂದು ನಮ್ಮ ಕಡತಗಳಲ್ಲಿ ಬರೆಯಲ್ಪಡುವ, ಉಪಯೋಗಕ್ಕೆ ಬಾರದ್ದೆಂದು ನಾವು ಭಾವಿಸುವ ಹುಲ್ಲುಭೂಮಿ ಇವುಗಳ ಹಾಸಿಗೆ. ಅದನ್ನು ಸುಟ್ಟರೆ, ಉತ್ತರೆ, ನಿವೇಶನ ಮಾಡಿದರೆ, ಬೆಳೆಯ ಕೀಟಗಳನ್ನು ಕೂಲಿಯಿಲ್ಲದೆ ಹಿಡಿಯುವ ಈ ಆಳುಗಳಿಗೆ ಮಲಗಲು ಜಾಗವಿರುವುದಿಲ್ಲ.

ಆದರೆ ಚಳಿಗಾಲದ ಹಕ್ಕಿಗಳೆಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಕೆರೆಯೇ. ನಮ್ಮ ನೆರೆಯ ನಂಜನಗೂಡು ತಾಲ್ಲೂಕಿನಲ್ಲಿ, ಮೈಸೂರು ಅರಸು ಮನೆತನದ ಮೂಲಕಥೆಯೊಡನೆ ಹೆಸರು ಬೆಸೆದುಕೊಂಡಿರುವ ಹದಿನಾರು ಗ್ರಾಮದ ಕೆರೆ ಪಟ್ಟೆತಲೆಯ ಹೆಬ್ಬಾತುಗಳಿಗೆ ಹೆಸರಾಗಿದೆ. ಮಾಸಲು ಬೂದು ಮೈ, ಬೆಳ್ಳನೆಯ ತಲೆ, ಆ ತಲೆಯ ಹಿಂಭಾಗದಲ್ಲಿ ಇದ್ದಿಲಿನಿಂದ ಎಳೆದಂತೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಸಂಖ್ಯೆ ಬರೆದ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡುಬಂದಿವೆ. ಈ ಎರಡು ಸ್ಥಳಗಳ ನಡುವೆ ಹಿಮಾಲಯವಿದೆ ಎಂಬುದನ್ನು ಒಂದು ಗಳಿಗೆ ಯೋಚಿಸಿರಿ. 2011ರಲ್ಲಿ ಪ್ರಕಟವಾದ ಉಪಗ್ರಹ ಅಧ್ಯಯನವೊಂದು, ಮರಳಿ ಹೋಗುವಾಗ ಈ ಹೆಬ್ಬಾತುಗಳು ಕೇವಲ 7-8 ಗಂಟೆಗಳಲ್ಲಿ 4,000ದಿಂದ 6,000 ಮೀಟರ್ ಎತ್ತರ ಏರುತ್ತವೆಂದು ತೋರಿಸಿತು. ಮಧ್ಯಾಹ್ನದ ಹೊತ್ತು ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯ ನೆರವನ್ನೂ ಅವು ಬಯಸುವುದಿಲ್ಲ; ಗಾಳಿ ಶಾಂತವಾಗಿ, ತಂಪಾಗಿ, ದಟ್ಟವಾಗಿರುವ ರಾತ್ರಿ ಮತ್ತು ಮುಂಜಾನೆಯ ವೇಳೆಯನ್ನು ಆರಿಸಿಕೊಳ್ಳುತ್ತವೆ. ಉಪಗ್ರಹದ ಮೂಲಕ ಅಳೆದ ಹಾರಾಟಗಳಲ್ಲಿ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿದ್ದುದು ದಾಖಲಾಗಿದೆ. ಆ ಎತ್ತರದಲ್ಲಿ ನಮಗೆ ನಾಲ್ಕು ಹೆಜ್ಜೆ ನಡೆಯುವುದೇ ಕಷ್ಟ. ಅವುಗಳ ರಕ್ತ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವಂತೆ ರೂಪುಗೊಂಡಿದೆ.

ಹೆಬ್ಬಾತುಗಳ ಜೊತೆಗೆ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಸಲಿಕೆಯಂತಹ ಕೊಕ್ಕಿನ ಬಾತುಗಳೂ ನಮ್ಮ ಕೆರೆಗಳಿಗೆ ಬರುತ್ತವೆ. ಇವು ಮುಳುಗಿ ಮೀನು ಹಿಡಿಯುವ ಹಕ್ಕಿಗಳಲ್ಲ. ಬಾಲವನ್ನು ಮೇಲೆತ್ತಿ, ತಲೆಯನ್ನು ನೀರಿನೊಳಗೆ ಚಾಚಿ, ಕೊರಳಿಗೆ ಎಟುಕುವಷ್ಟು ಆಳದಲ್ಲಿರುವ ಬೀಜ, ಬೇರು, ಹುಳುಗಳನ್ನು ತಿನ್ನುತ್ತವೆ. ಆದ್ದರಿಂದ ಅವಕ್ಕೆ ಬೇಕಾದುದು ಆಳದ ನೀರಲ್ಲ, ಮೊಣಕಾಲು ಮುಳುಗದಷ್ಟು ತೆಳುವಾದ ನೀರು. ಗೊರವಗಳಿಗಂತೂ ಬರಿಯ ಕೆಸರಿನ ಅಂಚೇ ಊಟದ ಎಲೆ. ಈ ಮಾತನ್ನು ನೆನಪಿಡಿರಿ. ಮುಂದೆ ಇದರಿಂದ ಪ್ರಯೋಜನವಿದೆ.

ಹೆಬ್ಬಾತುಗಳ ಸ್ವಭಾವ ಬೇರೆ. ಹಗಲಿನಲ್ಲಿ ಕೆರೆಯ ನಡುವೆ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಒಂದು ಜನವರಿಯಲ್ಲಿ ಕೆರೆಯ ಏರಿಯ ಮೇಲೆ ನಿಂತು ಅವುಗಳನ್ನು ಎಣಿಸುತ್ತಿದ್ದಾಗ, ಪಕ್ಕದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ರೈತರೊಬ್ಬರು ನನ್ನ ದುರ್ಬೀನನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದರು: “ಚೆಂದಾಗವೆ ಅಲ್ವಾ ಸಾ? ರಾತ್ರಿ ನಮ್ಮೊಲಕ್ಕೆ ಬಂದು ಚಿಗುರ್ನೆಲ್ಲ ಮೇದ್ಬುಟ್ಟು ಓಯ್ತವೆ. ಓಡಿಸಿದ್ರೆ ಪಾಪ ಅಂತೀರಿ. ಓಡಿಸ್ದೆ ಇದ್ರೆ ನಮ್ ವಟ್ಟೆ ಗತಿ?” ಅವರಿಗೆ ಕೋಪವಿರಲಿಲ್ಲ, ನಿಜವಾಗಿಯೂ ಉತ್ತರ ಬೇಕಾಗಿತ್ತು. ದುರ್ಬೀನನ್ನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿ, “ತಲೆ ಮ್ಯಾಲೆ ಗೆರೆ ಎಳ್ದಂಗದೆ” ಎಂದು ಹಿಂದಿರುಗಿಸಿದರು. ಆದರೆ ಅದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಆ ಪ್ರಶ್ನೆಯನ್ನು ನಾನು ಅಂದಿನಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಹಕ್ಕಿಗಳನ್ನು ನಾವು ‘ಅತಿಥಿಗಳು’ ಎಂದು ಕರೆಯುತ್ತೇವೆ. ಪತ್ರಿಕೆಗಳೂ ಪ್ರತಿ ಚಳಿಗಾಲದಲ್ಲಿ ಹಾಗೆಯೇ ಬರೆಯುತ್ತವೆ. ಆದರೆ ಆತಿಥ್ಯವೆಂದರೆ ಖರ್ಚು. ಮನೆಗೆ ನೆಂಟರು ಬಂದರೆ ಮನೆಯವರೆಲ್ಲರೂ ತಮ್ಮ ಪಾಲಿನದರಲ್ಲಿ ಒಂದಿಷ್ಟು ಬಿಟ್ಟುಕೊಡುತ್ತಾರೆ. ನೋಡಿ ಸಂತೋಷಪಡುವ ಪಾಲು ಪಟ್ಟಣದವರಿಗೆ, ಬೆಳೆ ಕಳೆದುಕೊಳ್ಳುವ ಪಾಲು ಕೆರೆಯ ಬದಿಯ ಒಂದೆರಡು ಎಕರೆಯ ರೈತನಿಗೆ ಎಂದಾದರೆ ಅದು ಊರಿನ ಆತಿಥ್ಯವಲ್ಲ. ಒಬ್ಬನ ತಲೆಗೆ ಕಟ್ಟಿದ ಹೊರೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲಿ ಗೂಡುಕಟ್ಟುವುದು ತಲೆಮಾರುಗಳಿಂದ ನಡೆದುಬಂದಿದೆ. ಗದ್ದಲವನ್ನೂ ವಾಸನೆಯನ್ನೂ ಸಹಿಸುವುದು ಇಡೀ ಊರು. ಗದಗ ಜಿಲ್ಲೆಯ ಮಾಗಡಿ ಕೆರೆಯ ಸುತ್ತಲಿನ ಹೊಲಗಳಲ್ಲಿಯೂ ಈ ಹೆಬ್ಬಾತುಗಳು ಮೇಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಆ ಮನ್ನಣೆಯ ಫಲಕದ ಹಿಂದೆ ಹೆಸರಿಲ್ಲದ ರೈತರ ತಾಳ್ಮೆಯೂ ಇದೆ. ಹಕ್ಕಿ ನೋಡಲು ಹೋಗುವ ನಾವು ಆ ಹಳ್ಳಿಯ ಅಂಗಡಿಯಲ್ಲಿ ಟೀ ಕುಡಿದು, ಅಲ್ಲಿಯ ತರಕಾರಿ ಕೊಂಡು, ಅಲ್ಲಿಯ ಯುವಕರನ್ನು ದಾರಿ ತೋರಲು ಕರೆದುಕೊಂಡು ಹೋಗುವುದು ಚಿಕ್ಕ ಸಂಗತಿಯೇ ಸರಿ. ಆದರೆ ಹೊರೆಯನ್ನು ಹಂಚಿಕೊಳ್ಳುವುದು ಅಲ್ಲಿಂದಲೇ ಆರಂಭವಾಗುತ್ತದೆ.

ಇನ್ನು ಕೆರೆಯ ಮಾತು. ಬರಗಾಲದ ವರ್ಷಗಳಲ್ಲಿ ನಮ್ಮ ಕೆರೆಗಳ ಬಿರುಕುಬಿಟ್ಟ ತಳವನ್ನು ಕಂಡವರಿಗೆ, ಕಬಿನಿಯ ನೀರನ್ನು ಏತದ ಮೂಲಕ ತಂದು ಕೆರೆಗಳನ್ನು ತುಂಬಿಸುವ ಯೋಜನೆ ಎಂತಹ ವರವೆಂಬುದನ್ನು ವಿವರಿಸಬೇಕಾಗಿಲ್ಲ. ನೀರಿದ್ದರೆ ಹಕ್ಕಿಯೂ ಉಂಟು, ಕೊಳವೆಬಾವಿಯೂ ಉಂಟು. ಆದರೆ ಕೆರೆಯೆಂದರೆ ನೀರು ತುಂಬಿಡುವ ತೊಟ್ಟಿ ಮಾತ್ರವಲ್ಲ. ದಡವನ್ನೆಲ್ಲ ಕಡಿದಾಗಿ ಅಗೆದು, ಸುತ್ತಲೂ ಕಲ್ಲು ಕಟ್ಟಿ, ಜೊಂಡನ್ನು ಕಿತ್ತು, ನಡಿಗೆಯ ಹಾದಿ ಮಾಡಿ ‘ಅಭಿವೃದ್ಧಿ’ಪಡಿಸಿದರೆ ಮೊಣಕಾಲು ಮುಳುಗದ ಆ ತೆಳುನೀರು ಎಲ್ಲಿ ಉಳಿಯುತ್ತದೆ? ಬಾತು ತಲೆ ಚಾಚಿದರೆ ನೆಲ ಸಿಕ್ಕುವುದಿಲ್ಲ. ಗೊರವಕ್ಕೆ ಕಾಲಿಡಲು ಕೆಸರಿರುವುದಿಲ್ಲ. ನೀರು ತುಂಬಿ ತುಳುಕುವ ಕೆರೆಯಲ್ಲಿ ಹಕ್ಕಿಗಳಿಲ್ಲದಿರುವುದನ್ನು ಕಂಡು ಆಶ್ಚರ್ಯಪಡುವವರು ಅದರ ಅಂಚನ್ನು ಒಮ್ಮೆ ನೋಡಬೇಕು. ಒಂದು ಬದಿಯ ದಡವನ್ನಾದರೂ ಇಳಿಜಾರಾಗಿ, ಹುಲ್ಲು ಜೊಂಡುಗಳೊಡನೆ ಹಾಗೆಯೇ ಬಿಡಿರೆಂದು ಗ್ರಾಮಸಭೆಯಲ್ಲಿ ಕೇಳುವುದಕ್ಕೆ ಹಣ ಬೇಕಿಲ್ಲ, ಒಬ್ಬರು ಎದ್ದು ನಿಲ್ಲಬೇಕು.

ಒಬ್ಬರು ಎದ್ದು ನಿಂತರೆ ಏನಾದೀತು ಎಂಬ ಸಂದೇಹವಿದ್ದವರಿಗಾಗಿ ದೂರದ ನಾಗಾಲ್ಯಾಂಡಿನ ಸಂಗತಿಯೊಂದನ್ನು ಹೇಳುತ್ತೇನೆ. ವೋಖಾ ಜಿಲ್ಲೆಯ ದೊಯಾಂಗ್ ಜಲಾಶಯದ ಬಳಿಗೆ ಪ್ರತಿ ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಅಮುರ್ ಚಾಣ ಎಂಬ ಪುಟ್ಟ ಬೇಟೆಹಕ್ಕಿಗಳು ಲಕ್ಷಗಟ್ಟಲೆ ಬಂದು ತಂಗುತ್ತವೆ. ಸೈಬೀರಿಯಾ, ಉತ್ತರ ಚೀನಾಗಳಿಂದ ಹೊರಟು, ಭಾರತವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಾದ ದಕ್ಷಿಣ ಭಾಗಕ್ಕೆ ಹೋಗುವ ಹಕ್ಕಿಗಳಿವು. 2012ರಲ್ಲಿ ಅಲ್ಲಿ ಬಲೆ ಕಟ್ಟಿ ಒಂದು ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು ಕೊಂದದ್ದು ಹೊರಜಗತ್ತಿಗೆ ತಿಳಿದು ಎಲ್ಲರೂ ಬೆಚ್ಚಿಬಿದ್ದರು. ಕೊಂದವರು ಕ್ರೂರಿಗಳಾಗಿರಲಿಲ್ಲ, ಬಡವರಾಗಿದ್ದರು. ಆ ಹಳ್ಳಿಗಳ ಜನರು ಬಹುತೇಕ ಕ್ರೈಸ್ತರು. ಗ್ರಾಮ ಮಂಡಳಿಗಳು, ಸಭೆಗಳು, ಅರಣ್ಯ ಇಲಾಖೆ, ಸ್ವಯಂಸೇವಾ ಸಂಸ್ಥೆಗಳು ಒಟ್ಟಾಗಿ ಮಾತನಾಡಿದವು; ದೇವಾಲಯದ ಪೀಠದಿಂದಲೂ ಆ ಮಾತು ಕೇಳಿಬಂತು. ಮರುವರ್ಷ, 2013ರಲ್ಲಿ, ಬಲೆಗಳು ಏಳಲಿಲ್ಲ. ಆ ವರ್ಷ ಉಪಗ್ರಹ ಸಾಧನ ಕಟ್ಟಿ ಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಂಗ್ತಿ ಎಂದು ಹೆಸರಿಡಲಾಯಿತು. ಪಂಗ್ತಿ ಎಂಬುದು ಅಲ್ಲಿನ ಹಳ್ಳಿಯ ಹೆಸರು. ಕೇವಲ ಒಂದು ವರ್ಷದ ಅವಧಿಯಲ್ಲಿ ಒಂದು ಹಳ್ಳಿ ಹಕ್ಕಿಯನ್ನು ಕೊಲ್ಲುವ ಊರೆಂಬ ಹೆಸರನ್ನು ಕಳೆದುಕೊಂಡು, ತನ್ನ ಹೆಸರನ್ನು ಹಕ್ಕಿಗೇ ಕೊಟ್ಟಿತು.

ನಮ್ಮಲ್ಲಿ ಅಂತಹ ಬಲೆಗಳಿಲ್ಲ. ನಮ್ಮ ಅಪಾಯ ಸದ್ದಿಲ್ಲದ್ದು: ಬಾರದಿರುವ ಹಕ್ಕಿಯನ್ನು ಯಾರೂ ಗಮನಿಸದೇ ಇರುವುದು. ಪ್ರವಾದಿ ಯೆರೆಮೀಯನು ಆಕಾಶದ ಕೊಕ್ಕರೆಯೂ ಪಾರಿವಾಳದ ಜಾತಿಯ ಹಕ್ಕಿಯೂ ತಮ್ಮ ಬರುವ ಕಾಲವನ್ನು ಬಲ್ಲವೆಂದು ತನ್ನ ಜನರಿಗೆ ನೆನಪಿಸಿದ್ದನ್ನು ನೀವು ಓದಿರುವಿರಿ. ಅವನು ಹಾಗೆ ಹೇಳಬಲ್ಲವನಾದದ್ದು, ಯೂರೋಪು-ಆಫ್ರಿಕಾಗಳ ನಡುವಿನ ದೊಡ್ಡ ವಲಸೆಯ ದಾರಿಯಲ್ಲಿರುವ ಆ ನಾಡಿನಲ್ಲಿ ಜನರು ತಲೆಯೆತ್ತಿ ನೋಡುತ್ತಿದ್ದುದರಿಂದ. ನಮ್ಮ ಮೈಸೂರು ಸಂಸ್ಥಾನದಲ್ಲಿ ಸಲೀಂ ಅಲಿಯವರು 1939-40ರಲ್ಲಿ ಹಕ್ಕಿಗಳ ಸಮೀಕ್ಷೆ ನಡೆಸಿ, 1942-43ರಲ್ಲಿ ಅದನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಎಣಿಸುವವರಲ್ಲಿ ಬಹುಪಾಲು ಸಾಮಾನ್ಯ ಜನರೇ. ಇಂತಹ ಸಾಮಾನ್ಯರ ದಾಖಲೆಗಳನ್ನೇ ಆಧರಿಸಿ 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯ ಪ್ರಕಾರ, ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ. ಯಾರೂ ಬರೆದಿಡದಿದ್ದರೆ ಈ ಇಳಿತವೂ ನಮಗೆ ತಿಳಿಯುತ್ತಿರಲಿಲ್ಲ.

ಆದುದರಿಂದ, ಪ್ರಿಯ ಓದುಗರೇ, ಈ ಚಳಿಗಾಲದಲ್ಲಿ ನಿಮ್ಮ ಮನೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ತೆಗೆದಿಡಿರಿ. ಮಕ್ಕಳೊಂದಿಗೆ ಕೂಡಿ ಐದೇ ಐದು ಹಕ್ಕಿಗಳನ್ನು ಕಲಿಯಿರಿ: ಸಿಪಿಲೆ, ಅಂಬರಗುಬ್ಬಿ, ಕಂದು ಕಳಿಂಗ, ಸೆಳೆವ, ಸೂಜಿಬಾಲದ ಬಾತು. ಮೊದಲು ಕಂಡ ದಿನಾಂಕ, ಕಂಡ ಸ್ಥಳ, ಎಷ್ಟಿದ್ದವು, ಕೊನೆಗೆ ಕಂಡದ್ದು ಯಾವಾಗ, ಇಷ್ಟನ್ನು ಬರೆದರೆ ಸಾಕು. ಒಂದು ಎಚ್ಚರಿಕೆ: ವರ್ಷವಿಡೀ ನಮ್ಮಲ್ಲಿಯೇ ಇರುವ ಕಪ್ಪು-ಬಿಳುಪಿನ ದೊಡ್ಡ ಸಿಪಿಲೆಯೊಂದುಂಟು, ಅದು ನೆಂಟನಲ್ಲ, ಮನೆಯವನು. ಕೆರೆಗೆ ಹೋದಾಗ ಏರಿಯ ಮೇಲೆಯೇ ನಿಲ್ಲಿರಿ; ಫೋಟೋಕ್ಕಾಗಿ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸಬೇಡಿರಿ, ಡ್ರೋನ್ ಹಾರಿಸಬೇಡಿರಿ. ಹಿಂದಿರುಗಿ ಹೋಗುವ ದಾರಿಗೆಂದು ಕೂಡಿಟ್ಟ ಕೊಬ್ಬನ್ನು ಪ್ರತಿ ಬಾರಿಯ ಗಾಬರಿಯ ಹಾರಾಟವೂ ಒಂದಿಷ್ಟು ಕರಗಿಸುತ್ತದೆ. ಬದಿಯ ಹೊಲದ ಯಜಮಾನರು ಸಿಕ್ಕಿದರೆ ನಿಂತು ಮಾತನಾಡಿಸಿರಿ. ಬೆಳೆ ಹೇಗಿದೆಯೆಂದು ಕೇಳಿರಿ.

ಮಾರ್ಚ್ ತಿಂಗಳಲ್ಲಿ ಮುತ್ತುಗ ಹೂಬಿಟ್ಟು ಬಿಸಿಲು ಏರುವಾಗ ಇವು ಒಂದೊಂದಾಗಿ ಹೊರಡುತ್ತವೆ. ಹೋದ ದಿನ ತಿಳಿಯುವುದೇ ಇಲ್ಲ. ಎರಡು ಮೂರು ದಿನ ಕಾಣದಿದ್ದ ಮೇಲಷ್ಟೇ ಹೋದವೆಂದು ಅರ್ಥವಾಗುತ್ತದೆ. ಆಗ ನೋಟ್‌ಬುಕ್ಕಿನಲ್ಲಿ ಕೊನೆಯ ದಿನಾಂಕವನ್ನು ಬರೆದು, ಅದರ ಕೆಳಗೆ ಒಂದು ಸಾಲನ್ನು ಖಾಲಿ ಬಿಡಿರಿ. ಬರುವ ಸೆಪ್ಟೆಂಬರಿನಲ್ಲಿ ಆ ಸಾಲನ್ನು ತುಂಬುವ ಕೆಲಸ ನಿಮ್ಮ ಮಗುವಿನದಾಗಲಿ.